ವಿಚ್ಛೇದನವಾದ ಮೇಲೆ ಮಗು ಯಾರ ಮನೆಯಲ್ಲಿ, ಇನ್ನೊಬ್ಬರ ಭೇಟಿ ಹೇಗೆ?

ಗಂಡ ಹೆಂಡತಿ ಬೇರೆಯಾಗುವ ಮಾತು ಬಂದ ಕೂಡಲೇ ಬಳ್ಳಾರಿ, ರಾಯಚೂರು, ಕೊಪ್ಪಳದ ಊರುಗಳಲ್ಲಿ ಮೊದಲು ಹಿರಿಯರು ಕೂಡುತ್ತಾರೆ. ಬಂಗಾರ ಎಷ್ಟು, ಮದುವೆಗೆ ಆದ ಖರ್ಚೆಷ್ಟು, ಕೊಟ್ಟಿದ್ದು ಏನು, ತಗೊಂಡಿದ್ದು ಏನು ಎಂಬ ಲೆಕ್ಕ ಮುಗಿಯುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಕೊನೆಗೆ ಮಕ್ಕಳ ವಿಷಯ ಒಂದೇ ಸಾಲಿನಲ್ಲಿ ಬಾಂಡ್ ಪೇಪರಿನ ಮೇಲೆ ಬೀಳುತ್ತದೆ: ‘ಮಗು ತಾಯಿಯ ಹತ್ತಿರ ಇರತಕ್ಕದ್ದು, ತಂದೆ ಬಂದು ನೋಡಿಕೊಂಡು ಹೋಗತಕ್ಕದ್ದು.’ ಯಾವಾಗ ಬರಬೇಕು, ಎಲ್ಲಿಗೆ ಬರಬೇಕು, ಎಷ್ಟು ಹೊತ್ತು ಇರಬಹುದು, ಹಬ್ಬಕ್ಕೆ ಕರೆದುಕೊಂಡು ಹೋಗಬಹುದೇ, ಶಾಲೆ ಬದಲಿಸುವಾಗ ಯಾರನ್ನು ಕೇಳಬೇಕು ಎಂಬುದೊಂದೂ ಅದರಲ್ಲಿ ಇರುವುದಿಲ್ಲ. ಮುಂದಿನ ಜಗಳಗಳೆಲ್ಲ ಹುಟ್ಟುವುದು ಈ ಬರೆಯದೇ ಬಿಟ್ಟ ಜಾಗದಲ್ಲೇ.

ಮಗು ಯಾರಿಗೆ ಎಂದು ತೀರ್ಮಾನವಾದರೆ ಅರ್ಧ ಕೆಲಸ ಮಾತ್ರ ಆದಂತೆ. ಮಗುವಿನ ವಾರ ಹೇಗೆ ಸಾಗಬೇಕು ಎಂಬುದನ್ನು ದಿನ, ಗಂಟೆ, ಜಾಗದ ಸಮೇತ ಬರೆಸಿಕೊಳ್ಳುವುದು ಉಳಿದರ್ಧ. ಎರಡನ್ನೂ ಬುಡದಿಂದ ನೋಡೋಣ.

ಒಂದೇ ಎಂದುಕೊಳ್ಳುವ ನಾಲ್ಕು ವಿಷಯಗಳು

ಕೋರ್ಟಿನಲ್ಲಿ ‘ಕಸ್ಟಡಿ’ ಅಂದರೆ ಮಗು ದಿನನಿತ್ಯ ಯಾರ ಮನೆಯಲ್ಲಿ ಇರುತ್ತದೆ, ಯಾರು ಅದನ್ನು ಎಬ್ಬಿಸಿ, ಉಣಿಸಿ, ಶಾಲೆಗೆ ಕಳಿಸುತ್ತಾರೆ ಎಂಬುದು. ಪಾಲಕತ್ವ, ಅಂದರೆ ಗಾರ್ಡಿಯನ್ ಆಗುವುದು, ಬೇರೆ. ಅದು ಮಗುವಿನ ಆಸ್ತಿ, ಬ್ಯಾಂಕ್ ಖಾತೆ, ಪಾಸ್‌ಪೋರ್ಟ್, ದೊಡ್ಡ ಚಿಕಿತ್ಸೆಯಂಥ ವಿಷಯಗಳಲ್ಲಿ ಮಗುವಿನ ಪರವಾಗಿ ಸಹಿ ಹಾಕುವ ಅಧಿಕಾರ. ಮೂರನೆಯದು ಭೇಟಿ, ವಕೀಲರ ಮಾತಿನಲ್ಲಿ ‘ವಿಸಿಟೇಶನ್’. ಮಗು ಯಾರ ಬಳಿ ಇಲ್ಲವೋ ಅವರು ಅದನ್ನು ನೋಡುವ, ಮಾತಾಡಿಸುವ, ಕರೆದುಕೊಂಡು ಹೋಗಿ ಇಟ್ಟುಕೊಳ್ಳುವ ಅವಕಾಶ. ನಾಲ್ಕನೆಯದು ಮಗುವಿನ ಜೀವನಾಂಶ.

ಕಸ್ಟಡಿ ತಾಯಿಗೆ ಹೋದರೂ ತಂದೆಯ ಪಾಲಕತ್ವ ತಾನಾಗಿ ಅಳಿಯುವುದಿಲ್ಲ. ಕಸ್ಟಡಿ ಸಿಗದವರ ಜೀವನಾಂಶದ ಹೊಣೆಯೂ ತಪ್ಪುವುದಿಲ್ಲ. ತಿಂಗಳ ದುಡ್ಡು ಕೊಟ್ಟಿಲ್ಲ ಎಂದು ಮಗುವನ್ನು ತೋರಿಸದಿರುವುದಾಗಲಿ, ಮಗುವನ್ನು ತೋರಿಸಿಲ್ಲ ಎಂದು ದುಡ್ಡು ನಿಲ್ಲಿಸುವುದಾಗಲಿ ಕಾನೂನಿನಲ್ಲಿ ನಡೆಯುವುದಿಲ್ಲ. ದುಡ್ಡೂ ಭೇಟಿಯೂ ಮಗುವಿಗೆ ಸಲ್ಲಬೇಕಾದದ್ದು. ಒಂದಕ್ಕೆ ಇನ್ನೊಂದನ್ನು ಒತ್ತೆ ಇಡಲು ಯಾರಿಗೂ ಅಧಿಕಾರವಿಲ್ಲ.

ಬಾಂಡ್ ಪೇಪರಿಗೆ ಎಷ್ಟು ಬೆಲೆ?

ಹಿರಿಯರ ಮುಂದೆ ಬರೆದ ಒಪ್ಪಂದ, ನೋಟರಿ ಮುದ್ರೆ ಬಿದ್ದಿದ್ದರೂ, ನ್ಯಾಯಾಲಯದ ಆದೇಶವಲ್ಲ. ‘ಮಗುವಿನ ಮೇಲೆ ನನಗೆ ಯಾವ ಹಕ್ಕೂ ಇರುವುದಿಲ್ಲ, ಮುಂದೆ ಕೇಳುವುದಿಲ್ಲ’ ಎಂದು ತಾಯಿಯಿಂದಲೋ ತಂದೆಯಿಂದಲೋ ಸಹಿ ಮಾಡಿಸಿಕೊಂಡ ಕಾಗದ ಈ ಭಾಗದಲ್ಲಿ ಬಹಳ ಕಾಣುತ್ತದೆ. ಮಗುವಿನ ಹಿತವನ್ನು ತೂಗುವ ನ್ಯಾಯಾಧೀಶರನ್ನು ಆ ಸಾಲು ಕಟ್ಟಿಹಾಕಲಾರದು. ಮಗು ಹೆತ್ತವರ ನಡುವೆ ಹಂಚಿಕೊಳ್ಳುವ ಸ್ವತ್ತಲ್ಲ ಎಂದು ಸುಪ್ರೀಂ ಕೋರ್ಟ್ ರೋಸಿ ಜೇಕಬ್ ಪ್ರಕರಣದಲ್ಲಿ 1973ರಲ್ಲೇ ಹೇಳಿದೆ. ಹಾಗೆ ಸಹಿ ಹಾಕಿದವರು ಇನ್ನು ದಾರಿಯೇ ಇಲ್ಲ ಎಂದು ಸುಮ್ಮನೆ ಕೂಡಬೇಕಿಲ್ಲ, ಇವತ್ತೂ ಅರ್ಜಿ ಹಾಕಬಹುದು.

ಹಾಗೆಂದು ಹಿರಿಯರು ಮಾಡಿಸಿದ ರಾಜಿ ವ್ಯರ್ಥವೇನಲ್ಲ. ಅದನ್ನೇ ವಿವರವಾಗಿ ಬರೆದು, ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿಯ ಜೊತೆ ಕೋರ್ಟಿಗೆ ಕೊಟ್ಟು, ನ್ಯಾಯಾಧೀಶರ ಆದೇಶದೊಳಗೆ ಸೇರಿಸಿಕೊಂಡರೆ ಅದಕ್ಕೆ ಬಲ ಬರುತ್ತದೆ. ಒಬ್ಬರು ಮುರಿದರೆ ಇನ್ನೊಬ್ಬರು ಅದೇ ಕೋರ್ಟಿಗೆ ಹೋಗಿ ಜಾರಿ ಮಾಡಿಸಿ ಎಂದು ಕೇಳಬಹುದು. ಕೋರ್ಟಿನ ಮುದ್ರೆ ಇಲ್ಲದ ಕಾಗದ ಹಿಡಿದು ಪೊಲೀಸ್ ಠಾಣೆಗೆ ಹೋದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗ್ರಿ.’

ಕಾನೂನು ಎಲ್ಲಿ ನಿಂತಿದೆ

18 ವರ್ಷ ತುಂಬುವವರೆಗೆ ಮಗು ಅಪ್ರಾಪ್ತ. ಧರ್ಮ ಯಾವುದೇ ಇರಲಿ, ಕಸ್ಟಡಿ ಕೇಳಲು ಬಳಸುವ ಸಾಮಾನ್ಯ ಕಾಯ್ದೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಹಿಂದೂಗಳಿಗೆ ಇದರ ಜೊತೆಗೆ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಇದೆ. ಅದರ 6ನೇ ಕಲಂ ಪ್ರಕಾರ ಸಹಜ ಪಾಲಕ ತಂದೆ, ಅವನ ನಂತರ ತಾಯಿ. ಆದರೆ 5 ವರ್ಷ ತುಂಬದ ಮಗು ಸಾಧಾರಣವಾಗಿ ತಾಯಿಯ ಬಳಿಯೇ ಇರಬೇಕು. ‘ನಂತರ’ ಅಂದರೆ ತಂದೆ ತೀರಿಹೋದ ಮೇಲೆ ಮಾತ್ರ ಎಂದು ಓದಬೇಕಿಲ್ಲ, ತಂದೆ ಮಗುವಿನ ಹೊಣೆ ಹೊರದೆ ದೂರ ಉಳಿದಾಗಲೂ ತಾಯಿ ಸಹಜ ಪಾಲಕಿಯಾಗಬಹುದು ಎಂದು ಗೀತಾ ಹರಿಹರನ್ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಇದೇ ಕಾಯ್ದೆಯ 13ನೇ ಕಲಂ ಎಲ್ಲಕ್ಕೂ ಮೇಲೆ ನಿಲ್ಲುತ್ತದೆ: ಮಗುವಿನ ಹಿತವೇ ಪರಮ.

‘5 ವರ್ಷದವರೆಗೆ ತಾಯಿ, ಆಮೇಲೆ ತಂದೆ’ ಎಂಬ ಮಾತು ಊರಲ್ಲಿ ಕಾನೂನಿನಂತೆ ಓಡಾಡುತ್ತದೆ. ಅದು ತಪ್ಪು ತಿಳಿವಳಿಕೆ. 5 ವರ್ಷ ತುಂಬಿದ ದಿನ ಮಗುವನ್ನು ತಂದೆಗೆ ಒಪ್ಪಿಸಬೇಕೆಂದು ಯಾವ ಕಲಂನಲ್ಲೂ ಇಲ್ಲ. ಆ ವಯಸ್ಸಿನ ಕೆಳಗಿನ ಮಗುವನ್ನು ತಾಯಿಯಿಂದ ಬಿಡಿಸಬೇಕಾದರೆ ಅವಳ ಬಳಿ ಇದ್ದರೆ ಮಗುವಿಗೆ ಕೇಡು ಎಂದು ತಂದೆ ತೋರಿಸಿಕೊಡಬೇಕು. ಅದಕ್ಕೆ ಮೇಲ್ಪಟ್ಟ ಮಗುವಿಗೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ವ್ಯತ್ಯಾಸ ಇಷ್ಟೇ.

ಮುಸ್ಲಿಂ ಕುಟುಂಬಗಳಲ್ಲಿ ಹನಫಿ ಪದ್ಧತಿಯಂತೆ ಗಂಡು ಮಗು 7 ವರ್ಷದವರೆಗೆ, ಹೆಣ್ಣು ಮಗು ಮೈನೆರೆಯುವವರೆಗೆ ತಾಯಿಯ ಆರೈಕೆಯಲ್ಲಿ ಇರುತ್ತದೆ. ಇದಕ್ಕೆ ಹಿಜಾನತ್ ಎನ್ನುತ್ತಾರೆ. ಕೋರ್ಟಿಗೆ ಬಂದಾಗ ಇಲ್ಲಿಯೂ ಮಗುವಿನ ಹಿತವನ್ನೇ ಮೇಲಿಟ್ಟು ನೋಡುತ್ತಾರೆ. ಒಂದೇ ಉಸಿರಿಗೆ ಮೂರು ತಲಾಖ್ ಹೇಳಿ ಬಿಟ್ಟಿದ್ದರೆ, 2019ರ ಕಾಯ್ದೆಯಡಿ ತಾಯಿ ಮ್ಯಾಜಿಸ್ಟ್ರೇಟರ ಬಳಿ ಅಪ್ರಾಪ್ತ ಮಕ್ಕಳ ಕಸ್ಟಡಿ ಕೇಳಬಹುದು.

ನ್ಯಾಯಾಧೀಶರು ಏನನ್ನು ನೋಡುತ್ತಾರೆ

ಮಗುವಿನ ವಯಸ್ಸು, ಈವರೆಗೆ ಅದನ್ನು ನಿಜವಾಗಿ ಸಾಕಿದವರು ಯಾರು, ಶಾಲೆ ಎಲ್ಲಿದೆ, ಅಣ್ಣ ತಂಗಿ ಒಟ್ಟಿಗೆ ಇರಬಹುದೇ, ಮನೆಯಲ್ಲಿ ಮತ್ತೆ ಯಾರಿದ್ದಾರೆ, ಕುಡಿತ ಅಥವಾ ಹೊಡೆದಾಟ ಇದೆಯೇ ಎಂಬುದು ಮೊದಲು ಬರುತ್ತದೆ. ತಕ್ಕಮಟ್ಟಿಗೆ ಬುದ್ಧಿ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳುತ್ತಾರೆ. ಬಹುಪಾಲು ಕಡೆ ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ, ಅಪ್ಪ ಅಮ್ಮ ಇಲ್ಲದಾಗ, ಮಗುವಿನ ಜೊತೆ ಮಾತಾಡುತ್ತಾರೆ. ಹಿಂದಿನ ರಾತ್ರಿ ಕೂಡಿಸಿ ಹೇಳಿಕೊಟ್ಟ ಉತ್ತರ ಅಲ್ಲಿ ಬೇಗ ಬಯಲಾಗುತ್ತದೆ. ಏಳು ವರ್ಷದ ಕೂಸು ‘ನನ್ನ ತಂದೆಯವರು ಬೇಜವಾಬ್ದಾರಿ ವ್ಯಕ್ತಿ’ ಎಂದರೆ ಆ ಮಾತು ಯಾರದೆಂದು ಗೊತ್ತಾಗಲು ತಡವಾಗುವುದಿಲ್ಲ.

ಹಣ ನಿರ್ಣಾಯಕವಲ್ಲ. ಹತ್ತು ಎಕರೆ ನೀರಾವರಿ ಇರುವ ತಂದೆ, ಹೊಲಿಗೆ ಮಾಡಿ ಬದುಕುವ ತಾಯಿ ಇದ್ದರೆ ಮಗು ತಾನಾಗಿ ತಂದೆಗೆ ಹೋಗುವುದಿಲ್ಲ. ಮಗು ತಾಯಿಯ ಬಳಿ ಇರಲಿ, ಖರ್ಚು ತಂದೆ ಕೊಡಲಿ ಎಂದು ಆದೇಶವಾಗಬಹುದು. ಮರುಮದುವೆ ಒಂದೇ ಕಾರಣಕ್ಕೆ ಕಸ್ಟಡಿ ತಪ್ಪುವುದಿಲ್ಲ. ಹೊಸ ಮನೆಯಲ್ಲಿ ಮಗುವಿನ ಜಾಗ ಹೇಗಿದೆ ಎಂಬುದನ್ನು ನೋಡುತ್ತಾರೆ.

ಕೆಲಸದ ಪಾಳಿ ಮಾತ್ರ ಇಲ್ಲಿ ದೊಡ್ಡ ವಿಷಯ. ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವರು ಮಗುವನ್ನು ಕೇಳಿದರೆ ‘ಆ ರಾತ್ರಿಗಳಲ್ಲಿ ಮಗು ಯಾರ ಮಗ್ಗುಲಲ್ಲಿ ಮಲಗುತ್ತದೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಜ್ಜಿ ಇದ್ದಾಳೆ ಎಂದರೆ ಅಜ್ಜಿಯ ವಯಸ್ಸು, ಆರೋಗ್ಯವನ್ನೂ ಹೇಳಬೇಕಾಗುತ್ತದೆ. ಇದಕ್ಕೆ ತಯಾರಾಗಿ ಹೋಗುವುದು ಒಳ್ಳೆಯದು.

ಯಾವ ಊರಿನ ಕೋರ್ಟು?

ಎರಡು ದಾರಿಗಳಿವೆ. ವಿಚ್ಛೇದನದ ಕೇಸು, ಅಂದರೆ ‘ಎಂ.ಸಿ.’ ನಂಬರಿನ ಕೇಸು, ಈಗಾಗಲೇ ನಡೆಯುತ್ತಿದ್ದರೆ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಅಡಿ ಅದರೊಳಗೇ ಮಗುವಿನ ಕಸ್ಟಡಿ, ಭೇಟಿ, ಓದಿನ ಖರ್ಚಿಗೆ ಅರ್ಜಿ ಹಾಕಬಹುದು. ಕೇಸು ನಡೆಯುವಾಗಿನ ಮಕ್ಕಳ ಜೀವನಾಂಶ ಮತ್ತು ಓದಿನ ಅರ್ಜಿಯನ್ನು ಎದುರು ಪಕ್ಷಕ್ಕೆ ನೋಟಿಸ್ ಮುಟ್ಟಿದ 60 ದಿನಗಳೊಳಗೆ, ಆದಷ್ಟೂ ಮಟ್ಟಿಗೆ, ಮುಗಿಸಬೇಕೆಂದು ಆ ಕಲಂ ಹೇಳುತ್ತದೆ. ವಿಚ್ಛೇದನದ ಕೇಸು ಇಲ್ಲದಿದ್ದರೆ 1890ರ ಕಾಯ್ದೆಯಡಿ ಬೇರೆಯೇ ಕೇಸು ಹಾಕಬೇಕು. ಅದಕ್ಕೆ ‘ಜಿ ಅಂಡ್ ಡಬ್ಲ್ಯೂಸಿ’ ನಂಬರು ಬೀಳುತ್ತದೆ.

ಈ ಎರಡನೇ ದಾರಿಯಲ್ಲಿ ಕೋರ್ಟು ಯಾವುದೆಂದು ಗೊತ್ತುಮಾಡುವುದು ಮಗು ಸಾಮಾನ್ಯವಾಗಿ ವಾಸಿಸುವ ಜಾಗ. ಮದುವೆ ಬಳ್ಳಾರಿಯಲ್ಲಿ ಆಗಿರಲಿ, ತಂದೆಯ ಮನೆ ಸಿರುಗುಪ್ಪದಲ್ಲಿರಲಿ, ಮಗು ಎರಡು ವರ್ಷದಿಂದ ತಾಯಿಯ ತವರು ಸಿಂಧನೂರಿನ ಶಾಲೆಯಲ್ಲಿ ಓದುತ್ತಿದ್ದರೆ ಅರ್ಜಿ ರಾಯಚೂರು ಜಿಲ್ಲೆಯ ವ್ಯಾಪ್ತಿಯಲ್ಲಿ. ಗಡಿ ಊರುಗಳಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. ಮಗು ಆದೋನಿಯಲ್ಲಿದ್ದರೆ ಕೇಸು ಆಂಧ್ರದಲ್ಲಿ, ಗದ್ವಾಲದಲ್ಲಿದ್ದರೆ ತೆಲಂಗಾಣದಲ್ಲಿ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಕೇಸು ವರ್ಗಾಯಿಸಲು ಸುಪ್ರೀಂ ಕೋರ್ಟಿಗೇ ಹೋಗಬೇಕು. ಗುಳೆ ಹೋದ ಕುಟುಂಬದ ಮಗು ಬೆಂಗಳೂರಿನ ಶೆಡ್ಡಿನಲ್ಲಿ ಮೂರು ತಿಂಗಳು, ಊರಲ್ಲಿ ಒಂಬತ್ತು ತಿಂಗಳು ಇದ್ದರೆ ಶಾಲೆಯ ಹಾಜರಿ, ಅಂಗನವಾಡಿ ದಾಖಲೆ, ರೇಷನ್ ಕಾರ್ಡ್ ಇವೇ ವಾಸದ ಪುರಾವೆಯಾಗುತ್ತವೆ.

ಇಂಥ ಕೇಸುಗಳನ್ನು ನಡೆಸುವುದು ಕೌಟುಂಬಿಕ ನ್ಯಾಯಾಲಯ. ಅದರ ವ್ಯಾಪ್ತಿ ಇಲ್ಲದ ಕಡೆ 1890ರ ಕಾಯ್ದೆಯ ಅರ್ಜಿ ಜಿಲ್ಲಾ ನ್ಯಾಯಾಲಯಕ್ಕೆ. ಮೇಲ್ಮನವಿ ಬಳ್ಳಾರಿ, ಕೊಪ್ಪಳದವರಿಗೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ, ರಾಯಚೂರಿನವರಿಗೆ ಕಲಬುರಗಿ ಪೀಠದಲ್ಲಿ. ಕೌಟುಂಬಿಕ ನ್ಯಾಯಾಲಯದ ಆದೇಶದ ಮೇಲೆ ಮೇಲ್ಮನವಿಗೆ ಕಾಯ್ದೆ ಕೊಟ್ಟಿರುವ ಸಮಯ 30 ದಿನ. ಇಬ್ಬರೂ ಒಪ್ಪಿ ಪಡೆದ ಆದೇಶದ ಮೇಲೆ ಅಂಥ ಮೇಲ್ಮನವಿ ಇಲ್ಲ. ಆದ್ದರಿಂದ ರಾಜಿಪತ್ರದ ಪ್ರತಿ ಸಾಲನ್ನೂ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬಾರದು.

ಅರ್ಜಿಯಿಂದ ಆದೇಶದವರೆಗೆ

ಮೊದಲು ಕಾಗದ ಕೂಡಿಸಬೇಕು. ಮಗುವಿನ ಜನನ ಪ್ರಮಾಣಪತ್ರ, ಆಧಾರ್, ತಾಯಿ ಕಾರ್ಡ್ ಮತ್ತು ಲಸಿಕೆಯ ದಾಖಲೆ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಫೀ ಕಟ್ಟಿದ ರಸೀದಿ, ಆಸ್ಪತ್ರೆ ಚೀಟಿಗಳು. ಮದುವೆಗೆ ಲಗ್ನಪತ್ರಿಕೆ, ಫೋಟೊ ಅಥವಾ ನೋಂದಣಿ ಪತ್ರ. ಆದಾಯಕ್ಕೆ ಸಂಬಳದ ಚೀಟಿ, ಪಹಣಿ, ಬ್ಯಾಂಕ್ ಪಾಸ್‌ಬುಕ್. ಜೀವನಾಂಶದ ವಿಷಯವಿದ್ದರೆ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ) ಸಲ್ಲಿಸಬೇಕು ಎಂದು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಕಡ್ಡಾಯ ಮಾಡಿದೆ. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಹಾಕಬೇಕೆಂದೂ ಅದೇ ತೀರ್ಪು ಹೇಳುತ್ತದೆ.

ಮುಖ್ಯ ಅರ್ಜಿಯ ಜೊತೆಗೆ, ಅದೇ ದಿನ, ಮಧ್ಯಂತರ ಅರ್ಜಿಯನ್ನೂ ಹಾಕಿಸಬೇಕು. ಕೇಸು ಮುಗಿಯುವವರೆಗೆ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಮಗುವನ್ನು ನೋಡಲು ಬಿಡಿ ಎಂಬ ಅರ್ಜಿ ಅದು. ಇದನ್ನು ಬಿಟ್ಟವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ವಾಯಿದೆ ಮೇಲೆ ವಾಯಿದೆ ಬಿದ್ದು ಎರಡು ವರ್ಷವಾದರೆ ಅಷ್ಟರಲ್ಲಿ ಮಗು ಇರುವ ಮನೆಗೆ ಒಗ್ಗಿಹೋಗಿರುತ್ತದೆ, ನೋಡದೇ ಇದ್ದವರ ಮುಖ ಮರೆತಿರುತ್ತದೆ. ‘ಒಗ್ಗಿದ ಮಗುವನ್ನು ಈಗ ಕೀಳುವುದು ಬೇಡ’ ಎಂಬ ವಾದಕ್ಕೆ ಆಗ ತೂಕ ಬರುತ್ತದೆ.

ನೋಟಿಸ್ ಮುಟ್ಟದೆ ಕೇಸು ನಿಲ್ಲುವುದು ಗುಳೆಯ ಊರುಗಳಲ್ಲಿ ಮತ್ತೊಂದು ತೊಂದರೆ. ಎದುರು ಪಕ್ಷದ ಊರಿನ ವಿಳಾಸ ಮಾತ್ರ ಕೊಟ್ಟರೆ ‘ಮನೆಗೆ ಬೀಗ’ ಎಂದು ನೋಟಿಸ್ ವಾಪಸ್ಸು ಬರುತ್ತದೆ. ಕೆಲಸದ ಜಾಗ, ಮೇಸ್ತ್ರಿಯ ಅಥವಾ ಗುತ್ತಿಗೆದಾರರ ವಿಳಾಸ, ಮೊಬೈಲ್ ನಂಬರು ಎಲ್ಲವನ್ನೂ ಮೊದಲ ದಿನವೇ ಬರೆಸಿ.

ನೋಟಿಸ್ ಮುಟ್ಟಿದ ಮೇಲೆ ಆಪ್ತಸಮಾಲೋಚಕರ ಬಳಿಗೋ ಮಧ್ಯಸ್ಥಿಕೆ ಕೇಂದ್ರಕ್ಕೋ ಕಳಿಸುತ್ತಾರೆ. ದಂಪತಿಯನ್ನು ಮತ್ತೆ ಕೂಡಿಸುವುದಷ್ಟೇ ಅಲ್ಲಿನ ಕೆಲಸವಲ್ಲ. ಕೂಡುವುದಿಲ್ಲ ಎಂದಾದರೆ ಮಗುವಿನ ವೇಳಾಪಟ್ಟಿಯನ್ನು ಎದುರುಬದುರು ಕೂತು ಬರೆಯಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಅಲ್ಲಿ ಆಗದಿದ್ದರೆ ಸಾಕ್ಷಿ, ಪಾಟಿ ಸವಾಲು, ಆಮೇಲೆ ಆದೇಶ.

ಭೇಟಿಯ ವೇಳಾಪಟ್ಟಿ ಬರೆಯುವುದು ಹೇಗೆ

ತುಂಗಭದ್ರಾ ಕಾಲುವೆಗೆ ನೀರು ಬಿಡುವಾಗ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ಮೊದಲೇ ತೀರ್ಮಾನಿಸಿ ಪ್ರಕಟಿಸುತ್ತಾರೆ. ‘ಬೇಕಾದಾಗ ಬಿಡಲಾಗುವುದು’ ಎಂದಷ್ಟೇ ಬರೆದಿದ್ದರೆ ಕೆಳಭಾಗದ ರೈತನಿಗೆ ಹನಿಯೂ ಮುಟ್ಟುತ್ತಿರಲಿಲ್ಲ. ಭೇಟಿಯ ಆದೇಶವೂ ಹೀಗೇ. ‘ತಂದೆಗೆ ಸೂಕ್ತ ಭೇಟಿಗೆ ಅವಕಾಶವಿರುತ್ತದೆ’ ಎಂಬ ಸಾಲು ಓದಲು ಚೆನ್ನ. ಆದರೆ ಯಾವುದು ಸೂಕ್ತ ಎಂಬುದನ್ನು ಮಗುವನ್ನು ಇಟ್ಟುಕೊಂಡವರೇ ತೀರ್ಮಾನಿಸುವಂತಾಗುತ್ತದೆ.

ಬಳಸಬಹುದಾದ ಒಂದು ಮಾದರಿ ಹೀಗಿದೆ:

‘ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಮಧ್ಯಾಹ್ನ 2 ಗಂಟೆಗೆ ತಂದೆಯು ಮಗುವನ್ನು ತಾಯಿಯ ಮನೆಯಿಂದ ಕರೆದುಕೊಂಡು ಹೋಗಿ, ಮರುದಿನ ಭಾನುವಾರ ಸಂಜೆ 5 ಗಂಟೆಗೆ ಅಲ್ಲಿಗೇ ತಂದು ಬಿಡತಕ್ಕದ್ದು. 30 ನಿಮಿಷಕ್ಕಿಂತ ಹೆಚ್ಚು ತಡವಾಗುವುದಿದ್ದರೆ ಮೆಸೇಜ್ ಮೂಲಕ ತಿಳಿಸತಕ್ಕದ್ದು. ಮಗುವಿಗೆ ಕಾಯಿಲೆಯಾಗಿ ಭೇಟಿ ತಪ್ಪಿದರೆ ಅದರ ಮುಂದಿನ ವಾರಾಂತ್ಯದಲ್ಲಿ ಅಷ್ಟೇ ಸಮಯ ಕೊಡತಕ್ಕದ್ದು. ಕರೆದೊಯ್ಯುವ ಮತ್ತು ತಂದು ಬಿಡುವ ಪ್ರಯಾಣದ ಖರ್ಚು ತಂದೆಯದು.’

ಮಧ್ಯಾಹ್ನ 2 ಗಂಟೆ ಯಾಕೆಂದರೆ ಶನಿವಾರ ಬೆಳಗಿನ ಶಾಲೆ; ಮಗು ಮನೆಗೆ ಬಂದು, ಉಂಡು, ಬಟ್ಟೆ ಬದಲಿಸಲು ಹೊತ್ತು ಬೇಕು. ಸಂಜೆ 5 ಯಾಕೆಂದರೆ ಸೋಮವಾರ ಶಾಲೆಯಿದೆ, ಮತ್ತು ಹಳ್ಳಿಗಳಿಗೆ ಕೊನೆಯ ಬಸ್ಸು ಬೇಗ ಹೊರಡುತ್ತದೆ. ಬಸ್ಸಿನ ಹೊತ್ತು ನೋಡದೆ ‘ರಾತ್ರಿ 8’ ಎಂದು ಬರೆದ ಆದೇಶಗಳು ಮೊದಲ ತಿಂಗಳೇ ಮುರಿಯುತ್ತವೆ.

ವಯಸ್ಸಿಗೆ ತಕ್ಕಂತೆ ಲೆಕ್ಕ ಬದಲಾಗಬೇಕು. ಎದೆಹಾಲು ಕುಡಿಯುವ ಕೂಸಿಗೆ ಒಂದೆರಡು ತಾಸಿನ ಭೇಟಿ ಸಾಕು, ಆದರೆ ಮೇಲಿಂದ ಮೇಲೆ ಆಗಬೇಕು. ಅದೂ ತಾಯಿ ಹತ್ತಿರದಲ್ಲೇ ಇರುವ ಜಾಗದಲ್ಲಿ. ತಿಂಗಳಿಗೊಮ್ಮೆ ಇಡೀ ದಿನ ಎಂದರೆ ಅಷ್ಟು ಚಿಕ್ಕ ಕೂಸಿಗೆ ಪ್ರತಿಸಲವೂ ಹೊಸಬರನ್ನು ಕಂಡಂತೆ. ಮೂರರಿಂದ ಐದು ವರ್ಷದವರಿಗೆ ಅರ್ಧ ದಿನದಿಂದ ಶುರುಮಾಡಿ, ಮೂರ್ನಾಲ್ಕು ತಿಂಗಳಾದ ಮೇಲೆ ಒಂದು ರಾತ್ರಿ ಉಳಿಯುವುದಕ್ಕೆ ಏರಿಸಬಹುದು. ಏರಿಸುವ ತಾರೀಖನ್ನೂ ಆದೇಶದಲ್ಲೇ ಬರೆಸಬೇಕು, ಇಲ್ಲದಿದ್ದರೆ ಅದಕ್ಕೇ ಮತ್ತೊಂದು ಅರ್ಜಿ.

ಪಾಳಿ ಕೆಲಸದವರಿಗೆ ಭಾನುವಾರ ಎಂದು ಬರೆಸುವುದರಿಂದ ಉಪಯೋಗವಿಲ್ಲ, ಅವರ ವಾರದ ರಜೆ ತಿರುಗುತ್ತಿರುತ್ತದೆ. ‘ಪಾಳಿ ಪಟ್ಟಿಯ ಫೋಟೊವನ್ನು 7 ದಿನ ಮೊದಲು ಕಳಿಸಿ, ತಿಂಗಳಲ್ಲಿ ಎರಡು ವಾರದ ರಜೆಗಳಂದು’ ಎಂದು ಬರೆಸಬಹುದು. ಆ ದಿನ ಶಾಲೆ ಇದ್ದರೆ ಸಂಜೆ 4ರಿಂದ 8. ಬೆಂಗಳೂರಿಗೋ ಪುಣೆಗೋ ದುಡಿಯಲು ಹೋದವರಿಗೆ ತಿಂಗಳಿಗೆರಡು ಭೇಟಿ ಕಾಗದದ ಮೇಲಷ್ಟೇ ಉಳಿಯುತ್ತದೆ. ಅವರು ಊರಿಗೆ ಬರುವುದು ಉಗಾದಿಗೆ, ಮೊಹರಂಗೆ, ದಸರೆಗೆ, ಜಾತ್ರೆಗೆ. ಅಂಥವರಿಗೆ ಭೇಟಿಯ ದಿನಗಳನ್ನು ಒಟ್ಟುಗೂಡಿಸಿ, ಬಂದಾಗ ಮೂರು ನಾಲ್ಕು ದಿನ ಸತತವಾಗಿ ಕೊಡುವುದು, ಮಿಕ್ಕ ವಾರಗಳಲ್ಲಿ ವಿಡಿಯೊ ಕರೆ ಇಡುವುದು ನಡೆಯಬಲ್ಲ ಏರ್ಪಾಡು.

ರಜೆಯನ್ನು ಹಂಚುವಾಗ ‘ಅರ್ಧ’ ಎಂದಷ್ಟೇ ಬರೆದರೆ ಯಾವ ಅರ್ಧ ಎಂಬ ಜಗಳ ಬರುತ್ತದೆ. ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಇರುವುದರಿಂದ ‘ಮೇ 1ರಿಂದ ಮೇ 20’ ಎಂಬಂತೆ ತಾರೀಖು ಹಾಕಿ. ಶಾಲೆ ಶುರುವಾಗುವ ಒಂದು ವಾರ ಮೊದಲು ಮಗು ಮನೆ ಸೇರಿರಬೇಕು. ಹಬ್ಬಕ್ಕೆ ವರ್ಷ ಬಿಟ್ಟು ವರ್ಷದ ಪದ್ಧತಿ ಸುಲಭ: ಸಮ ವರ್ಷಗಳಲ್ಲಿ ಉಗಾದಿ ತಾಯಿಗೆ, ದೀಪಾವಳಿ ತಂದೆಗೆ, ಬೆಸ ವರ್ಷಗಳಲ್ಲಿ ಅದಲುಬದಲು. ಗವಿಮಠದ ಜಾತ್ರೆ, ಹುಲಿಗೆಮ್ಮನ ಜಾತ್ರೆ, ಮನೆದೇವರ ಕಾರ್ಯ ಇವು ಆದೇಶದಲ್ಲಿ ಬಿಟ್ಟುಹೋಗುವುದೇ ಹೆಚ್ಚು. ಇಲ್ಲಿನ ಮನೆಗಳಲ್ಲಿ ಉಗಾದಿಗಿಂತ ದೊಡ್ಡ ಜಗಳ ಜಾತ್ರೆಗೇ ಆಗುವುದುಂಟು, ಹೆಸರು ಹಿಡಿದು ಬರೆಸಿ.

ಫೋನಿನ ವಿಷಯವನ್ನೂ ಬಿಡಬಾರದು. ಮಗು ಬಳಿ ಇಲ್ಲದ ತಂದೆ ಅಥವಾ ತಾಯಿಗೆ ದಿನಕ್ಕೆ 5ರಿಂದ 10 ನಿಮಿಷ ಮಗುವಿನ ಜೊತೆ ಮಾತಾಡುವ ಹಕ್ಕಿರಬೇಕು ಎಂದು ಯಶಿತಾ ಸಾಹು ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಮಯ (‘ಸಂಜೆ 7ರಿಂದ 7.15’), ಯಾರ ನಂಬರು, ಕರೆ ತಾಗದಿದ್ದರೆ ಮತ್ತೆ ಯಾವಾಗ ಎಂಬುದನ್ನು ಬರೆಸಬೇಕು. ಕರೆಯ ಹೊತ್ತಿನಲ್ಲಿ ಇನ್ನೊಬ್ಬರು ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡಬಾರದು.

ಕೈಗೊಪ್ಪಿಸುವ ಜಾಗ ಯಾವುದಿರಬೇಕು? ಇಬ್ಬರ ನಡುವೆ ಮಾತಿದ್ದರೆ ಮನೆಯೇ ಸಾಕು. ಮನೆ ಬಾಗಿಲಲ್ಲಿ ಬೈದಾಟವಾಗುವಂತಿದ್ದರೆ ಕೋರ್ಟಿನ ಆವರಣ, ಮಧ್ಯಸ್ಥಿಕೆ ಕೇಂದ್ರ ಅಥವಾ ಜನ ಓಡಾಡುವ ದೇವಸ್ಥಾನದ ಅಂಗಳ. ಮೇ ತಿಂಗಳಲ್ಲಿ ರಾಯಚೂರಿನ ಬಸ್‌ಸ್ಟ್ಯಾಂಡಿನ ಬಿಸಿಲಲ್ಲಿ ಮಗುವನ್ನು ಒಂದು ತಾಸು ಕಾಯಿಸುವಂಥ ಜಾಗ ಬೇಡ. ಸೋದರಮಾವನ ಜೊತೆಗೋ ಅತ್ತೆಯ ಮಗನ ಜೊತೆಗೋ ಆದ ಮದುವೆಯಲ್ಲಿ ಎರಡೂ ಕಡೆಯವರು ಬಂಧುಗಳೇ ಆಗಿರುವುದರಿಂದ, ಇಬ್ಬರಿಗೂ ಬೇಕಾದ ಅಜ್ಜಿಯ ಮನೆ ಒಳ್ಳೆಯ ಜಾಗವಾಗಬಹುದು. ಆದರೆ ಆ ಅಜ್ಜಿ ಈಗಾಗಲೇ ಒಂದು ಪಕ್ಷ ಹಿಡಿದಿದ್ದರೆ ಆ ಮನೆಯನ್ನು ಬಿಟ್ಟುಬಿಡಿ. ಶಾಲೆಯಿಂದ ನೇರ ಕರೆದೊಯ್ಯುವುದು ಆದೇಶದಲ್ಲಿದ್ದರೆ ಮುಖ್ಯೋಪಾಧ್ಯಾಯರಿಗೆ ಪ್ರಮಾಣಿತ ಪ್ರತಿ ಕೊಟ್ಟಿರಬೇಕು, ಅವರು ಯಾರನ್ನೋ ನಂಬಿ ಮಗುವನ್ನು ಕಳಿಸಲಾರರು.

ಅರ್ಧ ತಿಂಗಳು ಅಲ್ಲಿ, ಅರ್ಧ ತಿಂಗಳು ಇಲ್ಲಿ ಎಂಬ ಜಂಟಿ ಕಸ್ಟಡಿಯನ್ನೂ ಕೆಲವು ಕೋರ್ಟುಗಳು ಕೊಟ್ಟಿವೆ. ಎರಡೂ ಮನೆಗಳಿಂದ ಒಂದೇ ಶಾಲೆಗೆ ಹೋಗಿಬರುವಷ್ಟು ಹತ್ತಿರವಿದ್ದರೆ ಮಾತ್ರ ಅದು ನಡೆಯುತ್ತದೆ. ಒಬ್ಬರು ಕುಷ್ಟಗಿ, ಇನ್ನೊಬ್ಬರು ಸಂಡೂರು ಆದರೆ ಮಗುವಿನ ಓದು ಕೆಡುತ್ತದೆ.

ಆದೇಶ ಬಂದ ಮೇಲೆ ಕೆಡುವುದು ಎಲ್ಲಿ

ಮಗುವನ್ನು ಕರೆದೊಯ್ದವರು ವಾಪಸ್ಸು ಬಿಡದಿರುವುದು, ಬಿಡಬೇಕಾದವರು ಬಾಗಿಲಿಗೆ ಬೀಗ ಹಾಕಿ ಹೋಗುವುದು, ಇವೆರಡೇ ಹೆಚ್ಚು. ಎರಡಕ್ಕೂ ದಾರಿ ಒಂದೇ. ಆದೇಶ ಕೊಟ್ಟ ಕೋರ್ಟಿನಲ್ಲೇ ಅಮಲ್ಜಾರಿ ಅರ್ಜಿ ಹಾಕುವುದು. ಅದಕ್ಕೆ ಪುರಾವೆ ಬೇಕು: ಹೋದ ತಾರೀಖು, ಹೊತ್ತು, ಬಸ್ ಟಿಕೆಟ್, ಬಾಗಿಲ ಮುಂದಿನ ಫೋಟೊ, ಕಳಿಸಿದ ಮೆಸೇಜು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಭೇಟಿಯನ್ನೂ ಎರಡು ಸಾಲು ಬರೆದಿಟ್ಟರೆ ಸಾಕು. ಮಗುವಿನ ಸುಳಿವೇ ಇಲ್ಲದಂತೆ ಎತ್ತಿಕೊಂಡು ಹೋಗಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಮಗುವನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂದು ಕೇಳುವ ಅರ್ಜಿ, ಹಾಕಬಹುದು. ಮಗುವನ್ನು ಇಟ್ಟುಕೊಂಡಿದ್ದು ಕಾನೂನಿಗೆ ವಿರುದ್ಧ ಎಂದು ಅಲ್ಲಿ ತೋರಿಸಬೇಕಾಗುತ್ತದೆ.

ಕದ್ದುಮುಚ್ಚಿ ಟಿ.ಸಿ. ತೆಗೆಸಿ ಶಾಲೆ ಬದಲಿಸುವುದು ಮತ್ತೊಂದು. ಇದನ್ನು ತಡೆಯಲು ‘ಇನ್ನೊಬ್ಬರಿಗೆ 30 ದಿನ ಮೊದಲು ಲಿಖಿತವಾಗಿ ತಿಳಿಸದೆ ಶಾಲೆ ಅಥವಾ ಊರು ಬದಲಿಸತಕ್ಕದ್ದಲ್ಲ’ ಎಂಬ ಸಾಲು ಆದೇಶದಲ್ಲಿರಲಿ.

ಮಗುವೇ ‘ನಾ ಹೋಗಂಗಿಲ್ಲ’ ಎಂದು ಅತ್ತರೆ? ಎಳೆದು ಆಟೋದಲ್ಲಿ ಕೂಡಿಸುವುದೂ ತಪ್ಪು, ‘ಮಗುವಿಗೇ ಇಷ್ಟವಿಲ್ಲ’ ಎಂದು ಕೈತೊಳೆದುಕೊಳ್ಳುವುದೂ ತಪ್ಪು. ಚಿಕ್ಕ ಮಕ್ಕಳು ಹೊರಡುವ ಗಳಿಗೆಯಲ್ಲಿ ಅತ್ತು, ಹತ್ತು ನಿಮಿಷಕ್ಕೆ ಸರಿಹೋಗುವುದು ಸಾಮಾನ್ಯ. ಪ್ರತಿಸಲವೂ ಹೆದರಿದರೆ, ರಾತ್ರಿ ಬೆಚ್ಚಿಬಿದ್ದರೆ, ಹಾಸಿಗೆ ಒದ್ದೆ ಮಾಡಿಕೊಳ್ಳಲು ಶುರುಮಾಡಿದರೆ ಕಾರಣ ಹುಡುಕಬೇಕು. ಆಪ್ತಸಮಾಲೋಚಕರ ಬಳಿ ಕರೆದೊಯ್ದು, ಭೇಟಿಯ ಸಮಯವನ್ನು ಕೋರ್ಟಿನ ಮೂಲಕವೇ ಕಡಿಮೆ ಮಾಡಿಸಬೇಕು. ಒಬ್ಬರ ವಿರುದ್ಧ ಮಗುವಿನ ಮನಸ್ಸು ಕೆಡಿಸುವುದರಿಂದ ಆಗುವ ಹಾನಿಯನ್ನು ಸುಪ್ರೀಂ ಕೋರ್ಟ್ ವಿವೇಕ್ ಸಿಂಗ್ ಪ್ರಕರಣದಲ್ಲಿ 2017ರಲ್ಲಿ ಗಂಭೀರವಾಗಿ ತೆಗೆದುಕೊಂಡಿದೆ. ಅಲ್ಲಿ ಮಗು ಎಷ್ಟೋ ವರ್ಷ ತಂದೆಯ ಬಳಿಯೇ ಇದ್ದರೂ ಕಸ್ಟಡಿ ತಾಯಿಗೆ ಹೋಯಿತು.

ಮಗುವಿಗೆ ಅಪಾಯವಿದ್ದರೆ

ಮೇಲೆ ಹೇಳಿದ್ದೆಲ್ಲ ಇಬ್ಬರೂ ಮಗುವಿಗೆ ಕೇಡು ಮಾಡುವವರಲ್ಲ ಎಂಬ ನೆಲೆಯ ಮೇಲೆ. ಹೊಡೆತ, ಕುಡಿದು ಬರುವುದು, ಲೈಂಗಿಕ ದೌರ್ಜನ್ಯದ ಅನುಮಾನ ಇದ್ದರೆ ಲೆಕ್ಕವೇ ಬೇರೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 21ನೇ ಕಲಂ ಅಡಿ ಮ್ಯಾಜಿಸ್ಟ್ರೇಟರು ಮಗುವಿನ ತಾತ್ಕಾಲಿಕ ಕಸ್ಟಡಿಯನ್ನು ನೊಂದ ಮಹಿಳೆಗೆ ಕೊಡಬಹುದು. ಭೇಟಿಯಿಂದ ಮಗುವಿಗೆ ಹಾನಿ ಎಂದು ಕಂಡರೆ ಭೇಟಿಯನ್ನೇ ನಿರಾಕರಿಸಬಹುದು. ಅರ್ಜಿಗೆ ಸಹಾಯ ಮಾಡಲು ಸಂರಕ್ಷಣಾಧಿಕಾರಿ ಇರುತ್ತಾರೆ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಪೂರ್ತಿ ನಿರಾಕರಿಸುವಷ್ಟು ಅಪಾಯ ಇಲ್ಲದಿದ್ದರೆ ಮೂರನೆಯವರ ಎದುರಲ್ಲೇ ಭೇಟಿ, ರಾತ್ರಿ ಉಳಿಯುವಂತಿಲ್ಲ, ಕುಡಿದಿದ್ದರೆ ಅಂದಿನ ಭೇಟಿ ರದ್ದು ಎಂಬ ಷರತ್ತು ಹಾಕಿಸಬಹುದು. ತುರ್ತಿಗೆ ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181.

ಆದೇಶ ಶಾಶ್ವತವಲ್ಲ

ಕಸ್ಟಡಿಯ ಆದೇಶವನ್ನು ಪರಿಸ್ಥಿತಿ ಬದಲಾದಂತೆ ಬದಲಿಸಬಹುದು. ಆರನೇ ತರಗತಿಗೆ ಮಗು ಮೊರಾರ್ಜಿ ವಸತಿ ಶಾಲೆ ಸೇರಿದರೆ ತಿಂಗಳಿಗೆರಡು ಶನಿವಾರದ ಏರ್ಪಾಡು ಉಪಯೋಗಕ್ಕೆ ಬಾರದು. ವಸತಿ ಶಾಲೆಯ ಭೇಟಿಯ ದಿನಗಳನ್ನೂ ರಜೆಯನ್ನೂ ಹಿಡಿದು ಹೊಸದಾಗಿ ಬರೆಸಬೇಕು, ಪ್ರಾಂಶುಪಾಲರಿಗೆ ಅದರ ಪ್ರತಿ ಕೊಡಬೇಕು. ಒಬ್ಬರಿಗೆ ವರ್ಗವಾದರೆ, ಮರುಮದುವೆಯಾದರೆ, ಕಾಯಿಲೆ ಬಿದ್ದರೆ, ಮಗು ದೊಡ್ಡದಾಗಿ ತನ್ನ ಇಷ್ಟ ಹೇಳುವಂತಾದರೆ ಬದಲಾವಣೆಗೆ ಅರ್ಜಿ ಹಾಕಬಹುದು. ಅದುವರೆಗೆ ಹಳೆಯ ಆದೇಶವೇ ಚಾಲ್ತಿ, ಬಾಯಿಮಾತಿನ ಬದಲಾವಣೆ ಲೆಕ್ಕಕ್ಕಿಲ್ಲ. ಇಬ್ಬರೂ ಒಪ್ಪಿ ಒಂದು ವಾರ ಅದಲುಬದಲು ಮಾಡಿಕೊಂಡರೂ ಮೆಸೇಜಿನಲ್ಲಿ ‘ಆಗಲಿ’ ಎಂಬ ಉತ್ತರ ಇರಲಿ.

ವಕೀಲರಿಗೆ ಕೊಡಲು ದುಡ್ಡಿಲ್ಲದವರು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬೇಕು, ತಾಲೂಕಿನಲ್ಲಾದರೆ ತಾಲೂಕು ಕಾನೂನು ಸೇವಾ ಸಮಿತಿಗೆ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಉಳಿದವರಲ್ಲಿ ಬಹುಪಾಲು ಜನರಿಗೆ ಆದಾಯದ ಮಿತಿ ಇದೆ. ಫೋನಿನಲ್ಲಿ ಕೇಳುವುದಾದರೆ 15100. ಹೋಗುವಾಗ ಆಧಾರ್, ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ಕಾಗದ, ಹಿರಿಯರ ಮುಂದೆ ಬರೆದ ಬಾಂಡ್ ಇದ್ದರೆ ಅದನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಮಗುವಿನ ಶಾಲೆಯ ಹೊತ್ತು, ನಿಮ್ಮ ಕೆಲಸದ ಹೊತ್ತು, ಎರಡು ಮನೆಗಳ ನಡುವಿನ ದೂರ, ಬಸ್ಸಿನ ಸಮಯ, ನಿಮಗೆ ಬಿಡಲಾಗದ ಹಬ್ಬ ಜಾತ್ರೆಗಳನ್ನು ಒಂದು ಹಾಳೆಯಲ್ಲಿ ಮೊದಲೇ ಬರೆದಿಟ್ಟುಕೊಂಡರೆ, ಅರ್ಜಿ ಬರೆಯುವ ವಕೀಲರಿಗೆ ಭೇಟಿಯ ಭಾಗ ಬರೆಯಲು ಅಷ್ಟು ಸಾಕು.